ಎಸ್.ಪಿ. ರಸ್ತೆಯ ಓಣಿಗಳಲ್ಲಿ ಬಿಡಿಭಾಗಗಳ ಶೋಧ

ಬೆಂಗಳೂರಿನ ಪುರಭವನಕ್ಕೆ ಸಮೀಪದಲ್ಲಿರುವ ಸಾದರ ಪತ್ರಪ್ಪ ರಸ್ತೆಯು, ಎಸ್.ಪಿ. ರಸ್ತೆಯೆಂಬ ಹೆಸರಿನಿಂದ ಕಂಪ್ಯೂಟರ್ ಹಾಗೂ ಎಲೆಕ್ಟ್ರಾನಿಕ್ ಸಾಮಗ್ರಿಗಳ ಮಾರುಕಟ್ಟೆಯಾಗಿ ಪ್ರಸಿದ್ಧವಾಗಿದ್ದರೂ, ಹೊಸ ಸರಕು ಮಾರುವ ಮಳಿಗೆಗಳ ನಡುವೆಯೇ ಹಳೆಯ ಬಿಡಿಭಾಗಗಳನ್ನು ಅರಸಿ ಬರುವವರಿಗೂ ಅಲ್ಲಿ ಸ್ಥಳವಿದೆ. ಹೀಗೆ ದೊರೆಯುವ ಸರಕಿನಲ್ಲಿ ಎರಡು ಬಗೆಗಳುಂಟು. ಕಾರ್ಖಾನೆಯೊಂದು ಸಾವಿರಗಟ್ಟಲೆ ಕೊಂಡು, ಉತ್ಪನ್ನದ ವಿನ್ಯಾಸ ಬದಲಾದಾಗ ಬಳಸದೆಯೇ ಮಾರಿಬಿಡುವ ಹೆಚ್ಚುವರಿ ದಾಸ್ತಾನು ಸರ್‌ಪ್ಲಸ್ ಎನಿಸಿಕೊಂಡರೆ, ಕೆಟ್ಟ ಯಂತ್ರಗಳ ಬೋರ್ಡುಗಳಿಂದ ಬೆಸುಗೆಯನ್ನು ಕರಗಿಸಿ ಬಿಡಿಸಿಕೊಂಡ ಭಾಗಗಳು ಗುಜರಿಯ ಲೆಕ್ಕಕ್ಕೆ ಸೇರುತ್ತವೆ. ದೂರವಾಣಿ ಉಪಕರಣಗಳಿಗಾಗಿ ಐ.ಟಿ.ಐ. 1948ರಲ್ಲಿ, ರಕ್ಷಣಾ ಎಲೆಕ್ಟ್ರಾನಿಕ್ಸ್‌ಗಾಗಿ ಬಿ.ಇ.ಎಲ್. 1954ರಲ್ಲಿ ಸ್ಥಾಪನೆಯಾದ ಈ ನಗರದಲ್ಲಿ, ಇಂತಹ ಭಾಗಗಳನ್ನು ಕಂಡೊಡನೆ ಗುರುತಿಸಬಲ್ಲ ತಂತ್ರಜ್ಞರ ತಲೆಮಾರುಗಳೇ ಬೆಳೆದುಬಂದಿವೆ.

ಹೊಸದು ಸುಲಭವಾಗಿ ಸಿಗುವ ಕಾಲದಲ್ಲಿ ಹಳೆಯದನ್ನು ಹುಡುಕುವುದಕ್ಕೆ ಅಗ್ಗದ ಬೆಲೆಯೊಂದೇ ಕಾರಣವಲ್ಲ. ಹಳೆಯ ರೇಡಿಯೊಗಳಲ್ಲಿ ಬಳಕೆಯಾಗುತ್ತಿದ್ದ ಎಸಿ128 ಎಂಬ ಟ್ರಾನ್ಸಿಸ್ಟರನ್ನು, ಅಂದರೆ ವಿದ್ಯುತ್ ಸಂಕೇತವನ್ನು ವರ್ಧಿಸುವ ಪುಟ್ಟ ಸಾಧನವನ್ನು, ಇಲ್ಲಿ ಉದಾಹರಿಸಬಹುದು. ಅದು ಜರ್ಮೇನಿಯಂನಿಂದ ಮಾಡಿದ್ದಾದ್ದರಿಂದ ಸುಮಾರು 0.2ರಿಂದ 0.3 ವೋಲ್ಟ್‌ಗೇ ವಹನವನ್ನು ಆರಂಭಿಸುತ್ತದೆ. ಇಂದು ಎಲ್ಲೆಡೆ ದೊರೆಯುವ ಸಿಲಿಕಾನ್ ಟ್ರಾನ್ಸಿಸ್ಟರಿಗೆ 0.6ರಿಂದ 0.7 ವೋಲ್ಟ್ ಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಗೆಯೇ ಕೂರಿಸಿದರೆ ವಿದ್ಯುನ್ಮಂಡಲದ ಸಮತೋಲವೇ ಕೆಟ್ಟು ಧ್ವನಿ ವಿಕಾರಗೊಳ್ಳುವುದರಿಂದ, ರೇಡಿಯೊ ಮೊದಲಿನಂತೆಯೇ ನುಡಿಯಬೇಕೆಂದು ಬಯಸುವ ರಿಪೇರಿಗಾರನು ಅದೇ ಭಾಗವನ್ನು ಅರಸಿ ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಗುತ್ತದೆ. ತಯಾರಕರು ಕೈಬಿಟ್ಟ ಪ್ರಯೋಗಾಲಯದ ಉಪಕರಣಗಳ ಆಯುಸ್ಸು ಕೂಡ ಎಷ್ಟೋ ಸಲ ಇಂತಹ ಒಂದೇ ಒಂದು ಭಾಗದ ಮೇಲೆ ನಿಂತಿರುತ್ತದೆ.

ಈ ಶೋಧದ ನಿಜವಾದ ಬಂಡವಾಳವೆಂದರೆ ಭಾಗದ ಮೈಮೇಲಿನ ಬರಹವನ್ನು ಓದುವ ವಿದ್ಯೆ. ವಿದ್ಯುತ್ ಹರಿವಿಗೆ ತಡೆಯೊಡ್ಡುವ ರೆಸಿಸ್ಟರಿನ ಮೇಲೆ ಕಂದು, ಕಪ್ಪು, ಕೆಂಪು ಪಟ್ಟಿಗಳು ಈ ಕ್ರಮದಲ್ಲಿದ್ದರೆ ಅದು 1,000 ಓಮ್‌ನದೆಂದು ತಿಳಿಯಬೇಕು. ಐಸಿಯ ಮೇಲೆ, ಎಂದರೆ ಅನೇಕ ಘಟಕಗಳನ್ನು ಒಂದೇ ಚಿಪ್ಪಿನೊಳಗೆ ಅಡಕಗೊಳಿಸಿದ ಸಾಧನದ ಮೇಲೆ, 8723 ಎಂಬ ದಿನಾಂಕ ಸಂಕೇತವಿದ್ದರೆ ಅದು ಸಾಮಾನ್ಯವಾಗಿ 1987ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು. ಹಳೆಯ ಗುರುತನ್ನು ಉಜ್ಜಿ ತೆಗೆದು ದುಬಾರಿ ಐಸಿಯ ಹೆಸರನ್ನು ಅಚ್ಚೊತ್ತುವ ಮೋಸ ಜಗತ್ತಿನ ಅನೇಕ ಮಾರುಕಟ್ಟೆಗಳಲ್ಲಿ ನಡೆಯುವುದರಿಂದ, ಅನುಭವಸ್ಥರು ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ಮೇಲ್ಮೈಯನ್ನು ಒರೆಸಿ, ಬಣ್ಣ ಬಿಡುತ್ತದೆಯೇ ಎಂದು ನೋಡುತ್ತಾರೆ.

ವಯಸ್ಸಿನ ಪರಿಣಾಮ ಎಲ್ಲ ಭಾಗಗಳ ಮೇಲೂ ಒಂದೇ ತೆರನಾಗಿರುವುದಿಲ್ಲ. ಟ್ರಾನ್ಸ್‌ಫಾರ್ಮರ್, ಸ್ವಿಚ್ಚು, ಶಾಖವನ್ನು ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಮೊದಲಾದವು ದಶಕಗಳ ನಂತರವೂ ಬಳಕೆಗೆ ಯೋಗ್ಯವಾಗಿರಬಲ್ಲವು. ವಿದ್ಯುದಾವೇಶವನ್ನು ಹಿಡಿದಿಡುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿನೊಳಗಿನ ದ್ರವವಾದರೋ ಕಾಲಕ್ರಮೇಣ ಆರಿಹೋಗುವುದರಿಂದ, ಉಬ್ಬಿದ ತಲೆಯುಳ್ಳದ್ದನ್ನು ಮುಟ್ಟದಿರುವುದೇ ಮೇಲು, ಉಬ್ಬದಿರುವುದನ್ನೂ ಅಳೆಯದೆ ಕೊಳ್ಳಬಾರದು. ಕೆಟ್ಟ ಪ್ರಿಂಟರಿನಿಂದ ಬಿಡಿಸಿಕೊಂಡ ಸ್ಟೆಪ್ಪರ್ ಮೋಟಾರು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಹು ಉಪಯುಕ್ತವಾದ ವಸ್ತು. ನಿರಂತರವಾಗಿ ತಿರುಗದೆ ಹೆಜ್ಜೆಹೆಜ್ಜೆಯಾಗಿ ಸರಿಯುವ ಈ ಮೋಟಾರು, ಹೆಜ್ಜೆಯೊಂದಕ್ಕೆ 1.8 ಡಿಗ್ರಿಯ ಬಗೆಯದಾದರೆ, ಒಂದು ಪೂರ್ಣ ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಕಾಲೇಜಿನ ಯೋಜನೆಗಳಲ್ಲಿ ಯಾಂತ್ರಿಕ ಕೈಯನ್ನು ನಿಖರವಾಗಿ ಚಲಾಯಿಸಲು ಅದು ನೆರವಾಗುತ್ತದೆ.

ಇತ್ತೀಚಿನ ಬೋರ್ಡುಗಳಲ್ಲಿ ಅಕ್ಕಿಕಾಳಿಗಿಂತಲೂ ಚಿಕ್ಕದಾದ ಘಟಕಗಳನ್ನು ನೇರವಾಗಿ ಮೇಲ್ಮೈಗೇ ಬೆಸೆದಿರುವುದರಿಂದ ಅವುಗಳನ್ನು ಬಿಡಿಸಲು ಬಿಸಿಗಾಳಿಯ ಉಪಕರಣ ಮತ್ತು ಪಳಗಿದ ಕೈ ಬೇಕು. ಅನೇಕವುಗಳ ಮೇಲೆ ಓದಲು ಗುರುತೇ ಇರುವುದಿಲ್ಲ. ಆದಕಾರಣ ಶೋಧಕರ ಗಮನವು ಬಿಡಿ ಘಟಕಗಳಿಗಿಂತ ಹೆಚ್ಚಾಗಿ ಪವರ್ ಸಪ್ಲೈ, ಡಿಸ್‌ಪ್ಲೇ, ಮೋಟಾರುಗಳಂತಹ ಇಡಿಯಾದ ಅಂಗಗಳತ್ತ ಹೊರಳುವುದು ಸಹಜವಾಗಿದೆ.