ವೈಮಾನಿಕನ ಹೃದಯವೂ ಮನೆಯ ಊಟವೂ

ಯುದ್ಧವಿಮಾನವು ರಭಸದಿಂದ ತಿರುಗುವಾಗ ಚಾಲಕನ ಶರೀರದ ತೂಕವು ಒಂಬತ್ತು ಪಟ್ಟಿನವರೆಗೂ ಹೆಚ್ಚಿದಂತಾಗುತ್ತದೆ. ರಕ್ತವು ಕಾಲುಗಳತ್ತ ಸರಿಯುತ್ತದೆ. ಅದನ್ನು ಮೆದುಳಿಗೆ ಏರಿಸುವ ಹೊಣೆ ಹೃದಯದ್ದು. ಕೆಲವೇ ಕ್ಷಣ ಆ ಕಾರ್ಯ ತಪ್ಪಿದರೂ ಚಾಲಕನಿಗೆ ಪ್ರಜ್ಞೆ ಹೋಗುತ್ತದೆ. ಇಂಥ ವಿಷಯಗಳ ಅಧ್ಯಯನಕ್ಕೆಂದೇ ಭಾರತೀಯ ವಾಯುಸೇನೆಯು 1957ರಲ್ಲಿ ಬೆಂಗಳೂರಿನಲ್ಲಿ ವೈದ್ಯಕೀಯ ಸಂಸ್ಥೆಯೊಂದನ್ನು ಸ್ಥಾಪಿಸಿತು. ಗಗನಯಾನಕ್ಕೆ ಆಯ್ಕೆಯಾದ ವೈಮಾನಿಕರನ್ನು ಪರೀಕ್ಷಿಸಿದ್ದೂ ಅಲ್ಲಿಯೇ.

ವೈಮಾನಿಕನು ಎದೆನೋವೆಂದು ದೂರುವವರೆಗೆ ವೈದ್ಯರು ಕಾಯುವುದಿಲ್ಲ. ನಿಯತಕಾಲದಲ್ಲಿ ತೂಕ, ರಕ್ತದೊತ್ತಡ, ಹೃದಯದ ವಿದ್ಯುತ್‌ರೇಖೆಗಳನ್ನು ನೋಡುತ್ತಾರೆ. ಈ ಎಚ್ಚರಿಕೆಗೆ ಆಧಾರವಿದೆ. ಕೆನಡಾದ ಮ್ಯಾನಿಟೋಬಾದಲ್ಲಿ 1948ರಿಂದ 3,983 ಮಂದಿಯ ಆರೋಗ್ಯವನ್ನು ದಶಕಗಳ ಕಾಲ ಗಮನಿಸಲಾಯಿತು. ಅವರಲ್ಲಿ ಬಹುತೇಕರು ಯುದ್ಧಕಾಲದ ವಾಯುಸೇನೆಯಲ್ಲಿದ್ದವರು, ಆರಂಭದಲ್ಲಿ ಹೃದ್ರೋಗವಿಲ್ಲದವರು. 26 ವರ್ಷಗಳ ಅವಲೋಕನದಿಂದ ತಿಳಿದುದೇನೆಂದರೆ, ಯೌವನದಲ್ಲಿ ಏರಿದ ತೂಕವು ಬಹುಕಾಲದ ಬಳಿಕ ಹೃದ್ರೋಗವಾಗಿ ತಲೆದೋರಬಲ್ಲದು.

ತಲೆಮಾರುಗಳಿಂದ ಕನ್ನಡದ ಮನೆಗಳಿರುವ ಕಂಬಂ ಕಣಿವೆಗೂ ಈ ಪಾಠ ಸಲ್ಲುತ್ತದೆ. ಕಂಬಂನಿಂದ ಕುಮಳಿಗೆ ಏಲಕ್ಕಿ ತೋಟದ ಕೂಲಿಗಳನ್ನು ಹೊತ್ತು ಘಟ್ಟವೇರುವ ಜೀಪಿನ ಚಾಲಕನೂ, ಮಕ್ಕಳನ್ನು ಕರೆದೊಯ್ಯುವ ಶಾಲಾ ಬಸ್ಸಿನ ಚಾಲಕನೂ ಪರರ ಪ್ರಾಣವನ್ನು ತಮ್ಮ ಹೃದಯದ ಭರವಸೆಯ ಮೇಲೆ ಒಯ್ಯುವವರೇ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆಂದು ಹಲವು ದೇಶಗಳ ಅಧ್ಯಯನವೊಂದು 2007ರಲ್ಲಿ ತೋರಿಸಿದೆ.

ಪಥ್ಯಕ್ಕಾಗಿ ದೂರ ಅರಸಬೇಕಾಗಿಲ್ಲ. ರಾಗಿ, ಸಜ್ಜೆ, ಸಾಮೆ, ಹುರುಳಿ, ನುಗ್ಗೆಸೊಪ್ಪು ಈ ನೆಲದವೇ. ಮುಲ್ಲೈ ಪೆರಿಯಾರ್ ನೀರಿನಿಂದ ಬೆಳೆಯುವ ದ್ರಾಕ್ಷಿ, ಬಾಳೆಯೂ ಇಲ್ಲಿಯವೇ. ಹಬ್ಬದ ದಿನದ ದಿಂಡಿಗಲ್ ಬಿರಿಯಾನಿಯಲ್ಲಿ ದೋಷವಿಲ್ಲ. ದೋಷವಿರುವುದು ನಿತ್ಯವೂ ಕರಿದ ತಿಂಡಿಯಲ್ಲಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ, ಹಪ್ಪಳ ಉಪ್ಪಿನಕಾಯಿಗಳೊಡನೆ ಮಿತಿಮೀರುವ ಉಪ್ಪಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನವೊಂದಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಮೆ ಉಪ್ಪು ಸಾಕು.

ಊಟದಷ್ಟೇ ಮುಖ್ಯವಾದುದು ಪರೀಕ್ಷೆ. ತಮಿಳುನಾಡು ಸರಕಾರವು 2021ರಲ್ಲಿ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಿಗೇ ಬಂದು ರಕ್ತದೊತ್ತಡ, ಸಕ್ಕರೆಗಳನ್ನು ನೋಡುತ್ತಾರೆ. ‘ನನಗೇನೂ ಆಗಿಲ್ಲ’ ಎಂದು ಅವರನ್ನು ಹಿಂದಕ್ಕೆ ಕಳುಹಿಸುವ ಮನೆಯ ಯಜಮಾನನು ಒಂದು ಮಾತನ್ನು ನೆನೆಯಬೇಕು: ವೈಮಾನಿಕನನ್ನು ಪರೀಕ್ಷಿಸುವುದು ಅವನಿಗೆ ಏನೂ ಆಗದಿರುವಾಗಲೇ.