ಹತ್ತು ಡಿಸ್ಕಿಗೆ ಒಂದೇ ಅಗಸಿ

ಬೇವೂರು, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಒಕ್ಕಲುತನದ ಮನೆಗಳಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ಕೂಡಿಡುತ್ತಿದ್ದರು. ನೆಲದಲ್ಲಿ ತೋಡಿದ ಆ ಕಣಜಕ್ಕೆ ಒಂದೇ ಬಾಯಿ. ತೇವ ತಾಗದಂತೆ ಮುಚ್ಚಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ನೀರು ಹೊಕ್ಕರೆ ಮಾತ್ರ ಮನೆಮಂದಿಯ ವರ್ಷದ ಕೂಳೇ ಹೋಯಿತು. ಕೂಡಿಡುವುದು ಎಷ್ಟು ಮುಖ್ಯವೋ, ಯಾವ ಬಾಯಿಯಿಂದ ಹಾಕುತ್ತೇವೆ, ಯಾವ ಬಾಯಿಯಿಂದ ತೆಗೆಯುತ್ತೇವೆ ಎಂಬುದೂ ಅಷ್ಟೇ ಮುಖ್ಯ.

ಇಂದಿನ ಮನೆಗಳು ಕಾಳಿನ ಜೊತೆಗೆ ಇನ್ನೊಂದನ್ನೂ ಕೂಡಿಡುತ್ತಿವೆ. ಮದುವೆಯ ವಿಡಿಯೊ, ಮಕ್ಕಳ ಫೋಟೊ, ಹೊಲದ ಉತಾರ, ಅಜ್ಜಿ ಹಾಡಿದ ಬೀಸುವ ಪದಗಳ ಧ್ವನಿಮುದ್ರಣ ಎಲ್ಲವೂ ಗಣಕದ ಹಾರ್ಡ್‌ಡಿಸ್ಕಿನಲ್ಲಿವೆ. ಬಾಗಲಕೋಟೆ ಜಿಲ್ಲೆಗೆ ಈ ಮಾತಿನ ತೂಕ ಚೆನ್ನಾಗಿ ಗೊತ್ತು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು; ಸಂಸಾರಗಳು ನವನಗರಕ್ಕೆ ಬಂದವು. ಮುಳುಗಡೆಯಾದ ಮನೆಯ ಅಂಗಳ ಈಗ ಕೆಲವರಲ್ಲಿ ಚಿತ್ರವಾಗಿ ಮಾತ್ರ ಉಳಿದಿದೆ. ಆ ಚಿತ್ರವಿರುವ ಡಿಸ್ಕು ಕೆಟ್ಟರೆ ಮನೆ ಎರಡನೆಯ ಸಲ ಮುಳುಗಿದಂತೆ.

ಈ ಭಯದಿಂದಲೇ ಕಂಪ್ಯೂಟರ್ ಕಲಿಯುವ ಅನೇಕ ಹುಡುಗ ಹುಡುಗಿಯರು ಮನೆಯಲ್ಲೊಂದು ಪುಟ್ಟ ಸರ್ವರ್ ಕಟ್ಟುವ ಹಂಬಲ ಹೊತ್ತಿದ್ದಾರೆ. ಹಳೆಯ ಗಣಕವೊಂದು ಇರುತ್ತದೆ. ಅದಕ್ಕೆ ಎಂಟೋ ಹತ್ತೋ ಡಿಸ್ಕು ಜೋಡಿಸಬೇಕು. ಆದರೆ ಮದರ್‌ಬೋರ್ಡಿನಲ್ಲಿ ಡಿಸ್ಕು ಚುಚ್ಚಲು ಸಾಮಾನ್ಯವಾಗಿ ಇರುವುದು ನಾಲ್ಕು ಅಥವಾ ಆರು ಸಾಟಾ ಕಿಂಡಿಗಳು. ಉಳಿದವಕ್ಕೆ ದಾರಿ ಬೇಕು. ಆ ದಾರಿಯೇ ‘ಸ್ಟೋರೇಜ್ ಕಂಟ್ರೋಲರ್’ ಎಂಬ ಕಾರ್ಡು. ಊರಿಗೆ ಅಗಸಿ ಇದ್ದಂತೆ ಡಿಸ್ಕುಗಳಿಗೆ ಇದು. ಒಳಗೆ ಹೋಗುವ, ಹೊರಗೆ ಬರುವ ಬಂಡಿಗಳೆಲ್ಲ ಇದರ ಮೂಲಕವೇ ಸಾಗಬೇಕು. ಇದನ್ನು ಆರಿಸುವಾಗ ಎಡವಿದರೆ ಡಿಸ್ಕಿಗೆ ಸುರಿದ ಹಣವೂ ನೀರುಪಾಲು.

ಒಂದು ಹೋದರೂ ಉಳಿದದ್ದು ಹೇಗೆ?

ಮೊದಲ ಹಾರ್ಡ್‌ಡಿಸ್ಕ್ ಯಂತ್ರವನ್ನು ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದಿತು. 24 ಅಂಗುಲ ಅಗಲದ 50 ತಟ್ಟೆಗಳಿದ್ದ ಆ ಯಂತ್ರ ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು. ಇಂದಿನ ಒಂದು ಒಳ್ಳೆಯ ಫೋಟೊಕ್ಕೂ ಅಷ್ಟು ಜಾಗ ಸಾಲದೆ ಹೋಗಬಹುದು. ಡಿಸ್ಕುಗಳು ಅಗ್ಗವಾದಂತೆ, ದೊಡ್ಡದೊಂದರ ಬದಲು ಸಣ್ಣವು ಹಲವನ್ನು ಏಕೆ ಸೇರಿಸಬಾರದು ಎಂಬ ಪ್ರಶ್ನೆ ಬಂತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ಮಂಡಿಸಿದ ಪ್ರಬಂಧ ಈ ಏರ್ಪಾಟಿಗೆ ‘ರೇಡ್’ ಎಂಬ ಹೆಸರು ಕೊಟ್ಟಿತು.

ಇದರ ಗುಟ್ಟು ಪ್ರಾಥಮಿಕ ಶಾಲೆಯ ಗಣಿತದಷ್ಟೇ ಸರಳ. ಮೂರು ಡಿಸ್ಕುಗಳಲ್ಲಿ 7, 5, 9 ಎಂಬ ಅಂಕಿಗಳಿವೆ ಎನ್ನೋಣ. ನಾಲ್ಕನೆಯದರಲ್ಲಿ ಇವುಗಳ ಮೊತ್ತ 21 ಬರೆದಿಡುವುದು. ಎರಡನೆಯ ಡಿಸ್ಕು ಸತ್ತಿತು. 21ರಲ್ಲಿ 7 ಮತ್ತು 9 ಕಳೆದರೆ 5 ತಾನಾಗಿ ಮರಳಿ ಬರುತ್ತದೆ. ಗಣಕ ಕೂಡುವ ಬದಲು ಬೇರೊಂದು ಬಗೆಯ ಲೆಕ್ಕ ಮಾಡುತ್ತದೆ, ತತ್ವ ಮಾತ್ರ ಇದೇ. ಆದರೆ ಎರಡು ಅಂಕಿಗಳು ಒಟ್ಟಿಗೆ ಅಳಿಸಿದರೆ ಈ ಒಂದು ಮೊತ್ತದಿಂದ ಏನೂ ಆಗದು. ಆದ್ದರಿಂದಲೇ ಎಂಟು ಹತ್ತು ಡಿಸ್ಕು ಇಡುವವರು ಎರಡು ಡಿಸ್ಕಿನಷ್ಟು ಜಾಗವನ್ನು ಇಂಥ ಲೆಕ್ಕಕ್ಕೇ ಬಿಡುವುದು ಜಾಣತನ.

ಈ ಲೆಕ್ಕವನ್ನು ಯಾರು ಮಾಡಬೇಕು? ಕಾರ್ಡು ಆರಿಸುವ ಪ್ರಶ್ನೆ ನಿಜವಾಗಿ ಶುರುವಾಗುವುದು ಇಲ್ಲಿಂದ.

ಕಾರ್ಡಿನ ಲೆಕ್ಕವೋ, ಗಣಕದ ಲೆಕ್ಕವೋ?

ಮೊದಲನೆಯ ಬಗೆ ‘ಹಾರ್ಡ್‌ವೇರ್ ರೇಡ್’ ಕಾರ್ಡು. ಲೆಕ್ಕವನ್ನೆಲ್ಲ ಇದೇ ಮಾಡಿ, ಹತ್ತು ಡಿಸ್ಕನ್ನು ಒಂದೇ ಡಿಸ್ಕು ಎಂದು ಗಣಕಕ್ಕೆ ತೋರಿಸುತ್ತದೆ. ಕೇಳಲು ಸೊಗಸು. ಆದರೆ ಜಮಾಖರ್ಚಿನ ವಹಿಯನ್ನು ತನ್ನದೇ ಲಿಪಿಯಲ್ಲಿ ಬರೆಯುವ ಗುಮಾಸ್ತನಂತೆ ಇದರ ನಡೆ. ಕಾರ್ಡು ಸುಟ್ಟುಹೋದರೆ ಡಿಸ್ಕುಗಳೆಲ್ಲ ಗಟ್ಟಿಯಾಗಿದ್ದರೂ ವಹಿ ಓದಲು ಸಾಮಾನ್ಯವಾಗಿ ಅದೇ ಮನೆತನದ ಇನ್ನೊಂದು ಕಾರ್ಡು ಬೇಕು. ಹತ್ತು ವರ್ಷ ಹಳೆಯ ಕಾರ್ಡನ್ನು ಬೇವೂರಿನಿಂದ ಎಲ್ಲಿ ಹುಡುಕುವುದು? ಇನ್ನೊಂದು ತೊಡಕೂ ಉಂಟು. ವೇಗಕ್ಕಾಗಿ ಈ ಕಾರ್ಡು ಬರೆಯಬೇಕಾದುದನ್ನು ತನ್ನ ನೆನಪಿನಲ್ಲಿ ಕೆಲಹೊತ್ತು ಹಿಡಿದಿಡಬಲ್ಲದು. ಆಗ ಕರೆಂಟು ಹೋದರೆ ಕಾರ್ಡಿನ ಬ್ಯಾಟರಿಯೇ ಕಾಪಾಡಬೇಕು. ಬ್ಯಾಟರಿ ಮುದಿಯಾಗಿದ್ದರೆ ದೇವರೇ ಗತಿ.

ಎರಡನೆಯ ಬಗೆ ‘ಹೋಸ್ಟ್ ಬಸ್ ಅಡಾಪ್ಟರ್’, ಚುಟುಕಾಗಿ ಎಚ್‌ಬಿಎ. ಇದು ಲೆಕ್ಕ ಮಾಡುವುದಿಲ್ಲ, ದಾರಿ ಬಿಡುತ್ತದೆ ಅಷ್ಟೆ. ಪ್ರತಿಯೊಂದು ಡಿಸ್ಕನ್ನೂ ಇದ್ದಂತೆಯೇ ಗಣಕಕ್ಕೆ ತೋರಿಸುತ್ತದೆ. ಲೆಕ್ಕವನ್ನು ಲಿನಕ್ಸಿನ ‘ಎಂಡಿ’ ರೇಡ್ ಅಥವಾ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ‘ಜೆಡ್‌ಎಫ್‌ಎಸ್’ ನೋಡಿಕೊಳ್ಳುತ್ತದೆ. ಕಾರ್ಡು ಕೆಟ್ಟರೆ ಬೇರೆ ಯಾವುದೇ ಎಚ್‌ಬಿಎ ಹಾಕಬಹುದು. ಡಿಸ್ಕುಗಳನ್ನು ಬೇರೆ ಗಣಕಕ್ಕೇ ಒಯ್ಯಬಹುದು. ಡಿಸ್ಕಿನ ಬಿಸಿ, ಮುಪ್ಪು, ಕೆಡುವ ಮುನ್ಸೂಚನೆ ಎಲ್ಲವೂ ನೇರವಾಗಿ ಕಾಣುತ್ತವೆ. ಮನೆಯ ಸರ್ವರಿಗೆ ಇದೇ ಒಪ್ಪುವಂಥದು.

ದೊಡ್ಡ ಕಚೇರಿಗಳು ಕಳಚಿಹಾಕಿದ ಸರ್ವರುಗಳಿಂದ ‘ಎಲ್‌ಎಸ್‌ಐ 9211-8ಐ’, ‘9300-8ಐ’ ಮುಂತಾದ ಕಾರ್ಡುಗಳು ಹಳೆಯ ಮಾಲಿನ ಪೇಟೆಗೆ ಬರುತ್ತವೆ. ಹೆಸರಿನ ಕೊನೆಯ 8 ಎಂದರೆ ಎಂಟು ಡಿಸ್ಕಿಗೆ ನೇರ ದಾರಿ. ಕೊಳ್ಳುವಾಗ ಅದರಲ್ಲಿ ‘ಐಟಿ ಮೋಡ್’ ತಂತ್ರಾಂಶ ಇದೆಯೇ ಎಂದು ಕೇಳಬೇಕು. ಆ ತಂತ್ರಾಂಶವಿದ್ದರೆ ಮಾತ್ರ ಕಾರ್ಡು ಬರಿಯ ದಾರಿಯಾಗಿ ದುಡಿಯುತ್ತದೆ. ನಕಲಿ ಕಾರ್ಡುಗಳೂ ಪೇಟೆಯಲ್ಲಿವೆ. ಮರಳಿ ಪಡೆಯುವ ಕರಾರು ಇಲ್ಲದ ಕಡೆ ಕೊಳ್ಳದಿರುವುದು ಲೇಸು.

ಅಗಸಿಯ ಅಗಲ

ಕಾರ್ಡು ಕೂಡುವ ಮದರ್‌ಬೋರ್ಡಿನ ಕಿಂಡಿಗೆ ಪಿಸಿಐ ಎಕ್ಸ್‌ಪ್ರೆಸ್ ಎಂದು ಹೆಸರು. ಎರಡನೆಯ ತಲೆಮಾರಿನ ಕಿಂಡಿಯ ಒಂದು ಓಣಿಯಲ್ಲಿ ಸೆಕೆಂಡಿಗೆ 500 ಮೆಗಾಬೈಟ್ ಸಾಗಬಲ್ಲದು; ಮೂರನೆಯ ತಲೆಮಾರಿನಲ್ಲಿ ಸುಮಾರು 985. ಡಿಸ್ಕೊಂದು ಹೆಚ್ಚೆಂದರೆ ಸೆಕೆಂಡಿಗೆ 250ರ ಆಸುಪಾಸು ಕೊಡುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಒಂದೇ ಓಣಿಯ ಅಗ್ಗದ ಕಾರ್ಡಿಗೆ ಎಂಟು ಡಿಸ್ಕು ಕಟ್ಟಿದರೆ ಪ್ರತಿಯೊಂದರ ಪಾಲಿಗೆ ಬರುವುದು 62.5 ಮೆಗಾಬೈಟ್.

‘ಮನೆಗೆ ಅಷ್ಟು ಸಾಕಲ್ಲ’ ಎನ್ನಬಹುದು. ಸಿನಿಮಾ ನೋಡಲು ಸಾಕು. ಆದರೆ ಒಂದು ಡಿಸ್ಕು ಸತ್ತು ಹೊಸದನ್ನು ಕೂಡಿಸಿದ ದಿನ ಉಳಿದವನ್ನೆಲ್ಲ ಓದಿ ಕಳೆದುದನ್ನು ಮತ್ತೆ ಬರೆಯಬೇಕು. 8 ಟೆರಾಬೈಟ್ ಡಿಸ್ಕನ್ನು ಸೆಕೆಂಡಿಗೆ 200ರಂತೆ ತುಂಬಿದರೆ ಸುಮಾರು 11 ತಾಸು. 62.5ರಂತೆ ತುಂಬಿದರೆ 35 ತಾಸಿಗೂ ಹೆಚ್ಚು. ಒಂದೇ ದಿನ ಕೊಂಡು ಒಂದೇ ಬಗೆಯಲ್ಲಿ ದುಡಿದ ಡಿಸ್ಕುಗಳು ಒಂದರ ಹಿಂದೊಂದು ಸೋಲುವ ಅಪಾಯ ಇದ್ದೇ ಇದೆ. ಆ ಹೊತ್ತು ಕಡಿಮೆಯಾದಷ್ಟೂ ಒಳ್ಳೆಯದು. ಎಂಟು ಓಣಿಯ 9211 ಕಾರ್ಡಿನಲ್ಲಿ 4,000 ಮೆಗಾಬೈಟ್ ಹಾದುಹೋಗಬಲ್ಲದಾದ್ದರಿಂದ ಎಂಟು ಡಿಸ್ಕುಗಳಿಗೆ ಇಕ್ಕಟ್ಟೇ ಇಲ್ಲ. ಒಂದು ಎಚ್ಚರ: ನೋಡಲು ಹದಿನಾರು ಓಣಿಯಷ್ಟು ಉದ್ದವಿರುವ ಕಿಂಡಿಯ ಒಳಗೆ ನಾಲ್ಕೇ ಓಣಿ ಇರಬಹುದು. ಮದರ್‌ಬೋರ್ಡಿನ ಕೈಪಿಡಿ ಓದದೆ ಹಣ ಬಿಚ್ಚಬಾರದು.

ಇನ್ನೂ ಆರೇ ಡಿಸ್ಕು ಸೇರಿಸುವುದಿದ್ದರೆ ದೊಡ್ಡ ಕಾರ್ಡು ಬೇಕಿಲ್ಲ. ‘ಎಎಸ್‌ಎಂ 1166’ ಚಿಪ್ಪಿರುವ ಸಣ್ಣ ಸಾಟಾ ಕಾರ್ಡು ಮೂರನೆಯ ತಲೆಮಾರಿನ ಎರಡು ಓಣಿ ಬಳಸಿ ಆರು ಡಿಸ್ಕಿಗೆ ಸಾಕಾಗುತ್ತದೆ. ಆದರೆ ಒಂದು ಸಾಟಾ ಕಿಂಡಿಯನ್ನೇ ಐದಾಗಿ ಒಡೆಯುವ ‘ಪೋರ್ಟ್ ಮಲ್ಟಿಪ್ಲೈಯರ್’ ಕಂಡರೆ ದೂರವಿರುವುದು ಮೇಲು. ಅಲ್ಲಿ ಒಂದು ಡಿಸ್ಕು ಮುನಿದು ಕೂತರೆ ಜೊತೆಯವೂ ಕೂರಬಹುದು. ಹದಿನಾರು ಇಪ್ಪತ್ತು ಡಿಸ್ಕಿನ ಮಾತಾದರೆ ಎಚ್‌ಬಿಎಗೆ ‘ಎಸ್‌ಎಎಸ್ ಎಕ್ಸ್‌ಪ್ಯಾಂಡರ್’ ಜೋಡಿಸುವುದೇ ಕ್ರಮ.

ಬಿಸಿಲು, ಕರೆಂಟು, ಕೇಬಲ್ಲು

ಸರ್ವರ್ ಕಾರ್ಡುಗಳು ಹುಟ್ಟಿದ್ದು ಸದಾ ಗಾಳಿ ಬೀಸುವ ತಂಪು ಕೋಣೆಗಾಗಿ. ನಮ್ಮ ಬೇಸಿಗೆಯಲ್ಲಿ ಪೆಟ್ಟಿಗೆಯೊಳಗೆ ಗಾಳಿಯಿಲ್ಲದೆ ಕೂತರೆ ಅವು ಕೈ ಇಡಲಾಗದಷ್ಟು ಕಾಯುತ್ತವೆ. ಕಾರ್ಡಿನ ಮೇಲೆ ನೇರವಾಗಿ ಬೀಸುವ ಒಂದು ಸಣ್ಣ ಫ್ಯಾನು ಹಾಕಲೇಬೇಕು. ತಿಂಗಳಿಗೊಮ್ಮೆ ದೂಳು ತೆಗೆಯಬೇಕು.

ಡಿಸ್ಕು ತಿರುಗಲು ಶುರುಮಾಡುವ ಕ್ಷಣದಲ್ಲಿ ಒಂದೊಂದೂ 20ರಿಂದ 25 ವ್ಯಾಟ್ ಎಳೆಯಬಹುದು. ಹತ್ತೂ ಒಟ್ಟಿಗೆ ಎದ್ದರೆ 250 ವ್ಯಾಟ್. ಒಂದಾದ ಮೇಲೊಂದು ಎಬ್ಬಿಸುವ ಸೌಲಭ್ಯ ಎಚ್‌ಬಿಎಗಳಲ್ಲಿ ಇರುತ್ತದೆ, ಅದನ್ನು ಬಳಸಬೇಕು. ಕರೆಂಟು ಹೋದೊಡನೆ ಗಣಕಕ್ಕೆ ಸುದ್ದಿ ಮುಟ್ಟಿಸಿ ಕ್ರಮವಾಗಿ ಮುಚ್ಚಿಸುವ ಯುಪಿಎಸ್ ಸಹ ಅಷ್ಟೇ ಅಗತ್ಯ.

ಕೇಬಲ್ಲಿನಲ್ಲೂ ಮೋಸ ಹೋಗುವ ಸಂಭವವಿದೆ. ಕಾರ್ಡಿನ ಒಂದು ಕಿಂಡಿಯಿಂದ ನಾಲ್ಕು ಡಿಸ್ಕಿಗೆ ಕವಲೊಡೆಯುವ ಕೇಬಲ್ಲು ‘ಫಾರ್ವರ್ಡ್’, ‘ರಿವರ್ಸ್’ ಎಂಬ ಎರಡು ಬಗೆಯಲ್ಲಿ ಸಿಗುತ್ತದೆ. ಕಣ್ಣಿಗೆ ಎರಡೂ ಒಂದೇ. ಇಲ್ಲಿಗೆ ಬೇಕಾದದ್ದು ಫಾರ್ವರ್ಡ್. ಇನ್ನೊಂದನ್ನು ಹಾಕಿದರೆ ಡಿಸ್ಕುಗಳು ಕಾಣಿಸುವುದೇ ಇಲ್ಲ.

ಪಾಲಕರ ಲೆಕ್ಕ

ಪಾಲಕರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ‘ಹತ್ತು ಡಿಸ್ಕು ನಿಜಕ್ಕೂ ಬೇಕೇ?’ ಸುಮ್ಮನೆ ತಿರುಗುವ ಡಿಸ್ಕೂ ಸುಮಾರು 5 ವ್ಯಾಟ್ ತಿನ್ನುತ್ತದೆ. ಹತ್ತು ಡಿಸ್ಕು ಹಗಲಿರುಳು ವರ್ಷವಿಡೀ ತಿರುಗಿದರೆ 438 ಯೂನಿಟ್. ಎಚ್‌ಬಿಎ ಕಾರ್ಡಿನ 10 ವ್ಯಾಟಿಗೆ ಇನ್ನೂ ಸುಮಾರು 88 ಯೂನಿಟ್. ಸಣ್ಣ ಹತ್ತರ ಬದಲು ದೊಡ್ಡ ನಾಲ್ಕು ಸಾಕೆನಿಸಿದರೆ ಕಾರ್ಡೇ ಬೇಡ, ಮದರ್‌ಬೋರ್ಡಿನ ಕಿಂಡಿಗಳೇ ಸಾಕು. ಉಳಿದ ಹಣದಲ್ಲಿ ಇನ್ನೊಂದು ಪ್ರತಿ ಇಡಲು ಹೊರಗಿನ ಡಿಸ್ಕು ಬರುತ್ತದೆ.

ಆ ಇನ್ನೊಂದು ಪ್ರತಿಯೇ ಎಲ್ಲಕ್ಕಿಂತ ದೊಡ್ಡದು. ರೇಡ್ ಡಿಸ್ಕಿನ ಸಾವಿಗೆ ಮದ್ದು; ಕಳ್ಳತನಕ್ಕೆ, ಸಿಡಿಲಿಗೆ, ಕೈತಪ್ಪಿ ಅಳಿಸಿದ್ದಕ್ಕೆ ಮದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪಾಲ್ಗೊಂಡಿದ್ದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ದಲ್ಲಿ ಹಳೆಯ ಕನ್ನಡ ಪುಸ್ತಕಗಳೂ ಇದ್ದವು. ಮುಂದೆ ಆ ತಾಣ ಮುಚ್ಚಿತು. ಬೇರೆಯವರು ಪ್ರತಿ ತೆಗೆದು ‘ಇಂಟರ್‌ನೆಟ್ ಆರ್ಕೈವ್’ನಲ್ಲಿ ಇಟ್ಟದ್ದರಿಂದ ಆ ಪುಸ್ತಕಗಳು ಇಂದಿಗೂ ಓದಲು ಸಿಗುತ್ತಿವೆ. ದೊಡ್ಡ ಗ್ರಂಥಾಲಯಕ್ಕೆ ಸಲ್ಲುವ ಈ ನೀತಿ ಮನೆಗೂ ಸಲ್ಲುತ್ತದೆ. ಒಂದು ಪ್ರತಿ ಬೇವೂರಿನಲ್ಲಿದ್ದರೆ ಇನ್ನೊಂದು ಇಳಕಲ್ಲಿನ ಸೋದರಮಾವನ ಮನೆಯಲ್ಲಿರಲಿ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶ ಕೆತ್ತಿಸಿದ ಕ್ರಿ.ಶ. 578ರ ಶಾಸನ ಇಂದಿಗೂ ನಿಂತಿದೆ. ಡಿಸ್ಕಿಗೆ ಕಲ್ಲಿನ ಆಯುಷ್ಯವಿಲ್ಲ. ಕೆಡುವ ಮೊದಲೇ ಬದಲಿಸುತ್ತ ಹೋದರೆ ಮಾತ್ರ ಅದರಲ್ಲಿದ್ದುದು ಉಳಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಒಂದು ಪರೀಕ್ಷೆ ಬಾಕಿ. ಬೇಕಿಲ್ಲದ ಕಡತಗಳನ್ನು ತುಂಬಿ, ಗಣಕ ಆರಿಸಿ, ಒಂದು ಡಿಸ್ಕನ್ನು ಬೇಕೆಂದೇ ಕಳಚಬೇಕು. ಮತ್ತೆ ಹಚ್ಚಿದಾಗ ಕಡತಗಳೆಲ್ಲ ತೆರೆಯುತ್ತವೆಯೇ, ಹೊಸ ಡಿಸ್ಕು ಕೂಡಿಸಿದರೆ ಎಷ್ಟು ತಾಸಿನಲ್ಲಿ ತುಂಬುತ್ತದೆ ಎಂದು ನೋಡಿ ಬರೆದಿಡಬೇಕು. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಯಂತ್ರಕ್ಕೆ ಮಾತ್ರ ಮುಳುಗಿದ ಮನೆಯ ಚಿತ್ರವನ್ನು ಒಪ್ಪಿಸಬೇಕು.