ಕಡಲ ಜೀವಿಗಳ ಸಹಜೀವನವೂ ಹೊಲದ ಬೇಸಾಯವೂ

ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಸಮುದ್ರತೀರವು ಬಹು ದೂರ. ಸಿರುಗುಪ್ಪ, ಕುರುಗೋಡು ಸೀಮೆಯ ಒಕ್ಕಲಿಗನಿಗೆ ಕಡಲೊಳಗಣ ಮೀನು ಹವಳಗಳಿಂದ ಆಗಬೇಕಾದುದೇನೆಂದು ಕೇಳುವವರುಂಟು. ಆದರೆ ಕಡಲಿನಲ್ಲಿ ನಡೆಯುವ ಒಂದು ವ್ಯವಹಾರವೇ ಶೇಂಗಾದ ಬೇರಿನಲ್ಲಿಯೂ ಭತ್ತದ ಗದ್ದೆಯ ನೀರಿನಲ್ಲಿಯೂ ನಡೆಯುತ್ತಿರುವುದು. ಅದನ್ನು ಅರಿತು ನಡೆಯುವ ಜಮೀನುದಾರನಿಗೆ ಗೊಬ್ಬರದ ವೆಚ್ಚದಲ್ಲಿ ಉಳಿತಾಯವಾಗುವುದು. ಭೂಮಿಯ ಸಾರವೂ ಉಳಿಯುವುದು. ಆದಕಾರಣ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

೧. ಸಹಜೀವನವೆಂದರೇನು?

ಎರಡು ಬೇರೆ ಬೇರೆ ಜಾತಿಯ ಜೀವಿಗಳು ಒಂದನ್ನೊಂದು ಆಶ್ರಯಿಸಿ ಬಾಳುವುದಕ್ಕೆ ಸಹಜೀವನವೆಂದು ಹೆಸರು. ಜರ್ಮನಿಯ ಸಸ್ಯಶಾಸ್ತ್ರಜ್ಞರಾದ ಡಿ ಬಾರಿ ಎಂಬವರು ೧೮೭೯ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ವಿಚಾರವು ಪಂಡಿತರಲ್ಲಿ ಪ್ರಚಾರಕ್ಕೆ ಬಂದಿತು. ಒಂದು ಜೀವಿಯು ಮನೆಯನ್ನು ಕೊಟ್ಟರೆ ಇನ್ನೊಂದು ಅನ್ನವನ್ನು ಕೊಡುವುದು. ಊರಿನಲ್ಲಿ ಎತ್ತುಳ್ಳವನೂ ಕೂರಿಗೆಯುಳ್ಳವನೂ ಮುಯ್ಯಾಳಿನ ಕ್ರಮದಿಂದ ಒಬ್ಬರಿಗೊಬ್ಬರು ಒದಗುವ ಹಾಗೆಯೇ ಇದೂ.

೨. ಕಡಲಿನಿಂದ ಮನುಷ್ಯನು ಕಲಿತುದು

ರೆಮೊರಾ ಎಂಬ ಮೀನಿನ ತಲೆಯ ಮೇಲೆ ಹೀರಿಕೊಂಡು ಹಿಡಿಯುವ ಒಂದು ತಟ್ಟೆಯಿರುವುದು. ಇದರಿಂದ ಆ ಮೀನು ಶಾರ್ಕ್, ತಿಮಿಂಗಿಲ, ಕಡಲಾಮೆಗಳ ಮೈಗೆ ಅಂಟಿಕೊಂಡು ದೂರ ಪ್ರಯಾಣ ಮಾಡುವುದು. ಪ್ರತಿಯಾಗಿ ಅವುಗಳ ಮೈಮೇಲಿನ ಹುಳುಗಳನ್ನು ತಿನ್ನುವುದು. ಕೆಲವು ದೇಶಗಳ ಬೆಸ್ತರು ಈ ಮೀನಿನ ಬಾಲಕ್ಕೆ ಹಗ್ಗ ಕಟ್ಟಿ ಕಡಲಾಮೆಗಳನ್ನು ಹಿಡಿಯುತ್ತಿದ್ದರು. ೨೦೧೭ರಲ್ಲಿ ಚೀನಾ ಮತ್ತು ಅಮೆರಿಕಾದ ವಿದ್ವಾಂಸರು ಇದೇ ತಟ್ಟೆಯನ್ನು ಅನುಕರಿಸಿ ಒಂದು ಯಂತ್ರಾಂಗವನ್ನು ನಿರ್ಮಿಸಿದರು. ಅದು ನೀರಿನೊಳಗೆ ತನ್ನ ತೂಕದ ಸುಮಾರು ೩೪೦ ಪಾಲು ಬಲದಿಂದ ಎಳೆದರೂ ಬಿಡದೆ ಹಿಡಿದುಕೊಂಡಿತು.

ಕರಾವಳಿಯವರು ಬೊಂಡಾಸವೆನ್ನುವ ಪ್ರಾಣಿಯ ಬಳಗಕ್ಕೆ ಸೇರಿದ ಒಂದು ಸಣ್ಣ ಜೀವಿಯು ಹವಾಯಿ ದ್ವೀಪಗಳ ಬಳಿ ಇರುವುದು. ಅದು ತನ್ನ ಒಡಲಿನಲ್ಲಿ ಬೆಳಕು ಬೀರುವ ಅಣುಜೀವಿಗಳಿಗೆ ಎಡೆಗೊಟ್ಟು ಆಹಾರವನ್ನೂ ಕೊಡುವುದು. ಆ ಬೆಳಕು ತಿಂಗಳ ಬೆಳಕಿನೊಡನೆ ಬೆರೆತು ಪ್ರಾಣಿಯ ನೆರಳನ್ನು ಮರೆಸುವುದರಿಂದ ಕೆಳಗಿನಿಂದ ನೋಡುವ ಶತ್ರುವಿಗೆ ಅದು ಕಾಣಿಸದು. ಈ ಅಣುಜೀವಿಗಳು ವಿರಳವಾಗಿದ್ದಾಗ ಬೆಳಗವು. ದಟ್ಟವಾಗಿ ನೆರೆದಾಗ ಮಾತ್ರ ಬೆಳಗುವುವು. ಅವು ಒಂದು ರಾಸಾಯನಿಕ ವಸ್ತುವಿನ ಮೂಲಕ ತಮ್ಮ ಸಂಖ್ಯೆಯನ್ನು ತಿಳಿಯುವುವೆಂಬ ಸಂಗತಿಯು ೧೯೭೦ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಬೆಳಕಿಗೆ ಬಂದಿತು. ಈಗ ಇದೇ ಅಣುಜೀವಿಯಿಂದ ನೀರಿನ ಪರೀಕ್ಷೆಯನ್ನು ನಡೆಸುವರು: ನೀರಿನಲ್ಲಿ ವಿಷವಿದ್ದರೆ ಬೆಳಕು ಕುಂದುವುದು.

ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳುಂಟು. ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮವಾದ ಪಾಚಿಯು ಬಿಸಿಲಿನಿಂದ ಆಹಾರವನ್ನು ತಯಾರಿಸಿ ಒಡೆಯನಿಗೆ ಹಂಚುವುದು. ಈ ಏರ್ಪಾಟನ್ನು ನೋಡಿ ಪಾಚಿಯನ್ನು ದಟ್ಟವಾಗಿ ಬೆಳೆಸುವ ಕೃತಕ ಹವಳವನ್ನು ೨೦೨೦ರಲ್ಲಿ ರಚಿಸಲಾಯಿತು. ಆದರೆ ನೀರು ಅತಿಯಾಗಿ ಕಾದರೆ ಹವಳವು ಪಾಚಿಯನ್ನು ಕಳೆದುಕೊಂಡು ಬೆಳ್ಳಗಾಗುವುದು. ಆ ಸ್ಥಿತಿಯು ಬಹುಕಾಲ ನಿಂತರೆ ಹಸಿದು ಸಾಯುವುದು. ಸಹವಾಸ ಕೆಟ್ಟರೆ ಸಂಸಾರ ಕೆಡುವುದೆಂಬ ಈ ಪಾಠವು ಒಕ್ಕಲುತನಕ್ಕೂ ಸಲ್ಲುವುದು.

೩. ಶೇಂಗಾ ಬೇರಿನ ಗಂಟುಗಳು

ಗಾಳಿಯಲ್ಲಿ ನೂರಕ್ಕೆ ೭೮ ಪಾಲು ಸಾರಜನಕವೇ ಇದ್ದರೂ ಪೈರು ಅದನ್ನು ನೇರವಾಗಿ ಉಣ್ಣಲಾರದು. ಕಾರ್ಖಾನೆಗಳಲ್ಲಿ ಅದನ್ನು ಗೊಬ್ಬರವನ್ನಾಗಿ ಮಾಡಲು ಬಹಳ ಶಾಖವೂ ಒತ್ತಡವೂ ಬೇಕು. ಇಂತಹ ಮೊದಲನೆಯ ದೊಡ್ಡ ಕಾರ್ಖಾನೆಯು ಜರ್ಮನಿಯಲ್ಲಿ ೧೯೧೩ರಲ್ಲಿ ಆರಂಭವಾಯಿತು. ಅದೇ ಕೆಲಸವನ್ನು ಶೇಂಗಾ, ಕಡಲೆ, ತೊಗರಿ, ಹೆಸರುಗಳ ಬೇರಿನ ಗಂಟುಗಳಲ್ಲಿರುವ ಅಣುಜೀವಿಗಳು ಹೊಲದ ಸಾಮಾನ್ಯ ಶಾಖದಲ್ಲಿಯೇ ಮಾಡುವುವು. ಗಿಡವು ಅವುಗಳಿಗೆ ಸಕ್ಕರೆಯ ಅಂಶವನ್ನು ಕೊಡುವುದು. ಅವು ಗಿಡಕ್ಕೆ ಸಾರಜನಕವನ್ನು ಕೊಡುವುವು. ೧೮೮೬ರಲ್ಲಿ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ ಎಂಬ ಪಂಡಿತರು ಇದನ್ನು ಸ್ಥಾಪಿಸಿದರು. ೧೮೯೬ರ ವೇಳೆಗೆ ಇಂತಹ ಅಣುಜೀವಿಗಳನ್ನು ಬೆಳೆಸಿ ಬೀಜಕ್ಕೆ ಲೇಪಿಸುವ ಕ್ರಮಕ್ಕೆ ಸರಕಾರಿ ಹಕ್ಕುಪತ್ರವೂ ದೊರೆಯಿತು.

ಗಂಟುಗಳು ಕೆಲಸ ಮಾಡುತ್ತಿರುವುವೋ ಇಲ್ಲವೋ ಎಂಬುದನ್ನು ಯಾರಾದರೂ ಪರೀಕ್ಷಿಸಬಹುದು. ಹೂವಿನ ಕಾಲದಲ್ಲಿ ನಾಲ್ಕಾರು ಗಿಡಗಳನ್ನು ಕೀಳದೆ ಮಣ್ಣುಸಹಿತ ಅಗೆದು, ಬೇರನ್ನು ಮೆಲ್ಲಗೆ ತೊಳೆದು, ಗಂಟನ್ನು ಸೀಳಿ ನೋಡತಕ್ಕದ್ದು. ಒಳಗೆ ನಸುಗೆಂಪು ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ. ಬಿಳುಪಾಗಿ ಅಥವಾ ಹಸುರಾಗಿ ಇದ್ದರೆ ನಡೆಯುತ್ತಿಲ್ಲ.

ಬೀಜೋಪಚಾರದ ಕ್ರಮ:

(ಅ) ಸಾಮಾನ್ಯವಾಗಿ ೧೦ ಕಿಲೋಗ್ರಾಂ ಬೀಜಕ್ಕೆ ೨೦೦ ಗ್ರಾಂ ರೈಜೋಬಿಯಂ ಗೊಬ್ಬರವು ಸಾಕು. ಆರಿಸಿದ ಬೆಲ್ಲದ ಪಾಕದಿಂದ ಬೀಜವನ್ನು ತೇವ ಮಾಡಿ, ಸಿಪ್ಪೆ ಸುಲಿಯದಂತೆ ಮೃದುವಾಗಿ ಲೇಪಿಸತಕ್ಕದ್ದು.

(ಆ) ನೆರಳಿನಲ್ಲಿ ಒಣಗಿಸಿ ಅಂದೇ ಬಿತ್ತತಕ್ಕದ್ದು. ಬಿಸಿಲು ತಗುಲಿದರೆ ಅಣುಜೀವಿಗಳು ಸಾಯುವುವು.

(ಇ) ಶೇಂಗಾದ ಅಣುಜೀವಿ ಬೇರೆ, ಕಡಲೆಯದು ಬೇರೆ. ಪೊಟ್ಟಣದ ಮೇಲೆ ಬೆಳೆಯ ಹೆಸರನ್ನೂ ಅವಧಿಯನ್ನೂ ಓದಿಯೇ ಕೊಳ್ಳತಕ್ಕದ್ದು.

(ಈ) ಯೂರಿಯಾ ಮಿತಿಮೀರಿದರೆ ಗಂಟುಗಳು ಕುಗ್ಗುವುವು. ಉಂಬಳಿ ಬಂದವನು ದುಡಿಮೆ ಬಿಡುವಂತೆ, ಸಾರಜನಕವು ಸುಲಭವಾಗಿ ದೊರೆತ ಗಿಡವು ಅಣುಜೀವಿಗಳನ್ನು ಸಾಕುವುದಿಲ್ಲ.

ಶೇಂಗಾ ಹೊಟ್ಟನ್ನು ದನಗಳಿಗೆ ಒಯ್ಯುವುದರಿಂದ ಸಾರಜನಕದ ಬಹು ಭಾಗವು ಹೊಲವನ್ನು ಬಿಟ್ಟು ಹೋಗುವುದು. ಆದುದರಿಂದ ಆ ದನಗಳ ಗೊಬ್ಬರವು ಅದೇ ಹೊಲಕ್ಕೆ ಮರಳಬೇಕು.

೪. ಭತ್ತದ ಗದ್ದೆಯಲ್ಲಿ ಅಜೋಲಾ

ತುಂಗಭದ್ರಾ ಜಲಾಶಯವು ೧೯೫೩ರಲ್ಲಿ ಸಿದ್ಧವಾದ ಮೇಲೆ ಸಿರುಗುಪ್ಪದ ಸೀಮೆಯಲ್ಲಿ ಭತ್ತದ ಬೇಸಾಯವು ಬಹಳವಾಗಿ ಹಬ್ಬಿತು. ಭತ್ತದ ಬೇರಿಗೆ ಗಂಟುಗಳಿಲ್ಲ. ಆದರೆ ನೀರಿನ ಮೇಲೆ ತೇಲುವ ಅಜೋಲಾ ಎಂಬ ಕಿರುಸಸ್ಯದ ಎಲೆಯ ಪೊಟರೆಯಲ್ಲಿ ನೀಲಿಹಸುರು ಪಾಚಿಯು ವಾಸಮಾಡಿ ಸಾರಜನಕವನ್ನು ಕೂಡಿಡುವುದು. ಚೀನಾ, ವಿಯೆಟ್ನಾಂ ದೇಶಗಳ ರೈತರು ಶತಮಾನಗಳಿಂದ ಇದನ್ನು ಬಳಸಿರುವರು. ಚೆನ್ನಾಗಿ ಬೆಳೆದ ಅಜೋಲಾವನ್ನು ಮಣ್ಣಿಗೆ ಸೇರಿಸಿದರೆ ಹೆಕ್ಟೇರಿಗೆ ಸುಮಾರು ೨೦ರಿಂದ ೪೦ ಕಿಲೋಗ್ರಾಂ ಸಾರಜನಕವು ದೊರೆಯಬಹುದು.

ಇದಕ್ಕೆ ನಿಂತ ನೀರೂ ಸ್ವಲ್ಪ ರಂಜಕವೂ ಬೇಕು. ಕಡು ಬೇಸಿಗೆಯಲ್ಲಿ ಇದು ಸೊರಗುವುದು. ತೇಲುತ್ತಿರುವಾಗ ಇದರ ಸಾರವು ಪೈರಿಗೆ ಹೆಚ್ಚಾಗಿ ಸಿಗದು. ಕೊಳೆತ ಮೇಲೆಯೇ ಸಿಗುವುದು. ಆದಕಾರಣ ನಾಟಿಗೆ ಮುಂಚೆ ಕೆಸರಿನಲ್ಲಿ ತುಳಿಸುವುದು ಉತ್ತಮ. ಇದೊಂದರಿಂದಲೇ ಭತ್ತದ ಹಸಿವು ಪೂರ್ತಿ ತೀರದು. ಆದರೆ ಕೊಳ್ಳುವ ಗೊಬ್ಬರದ ಒಂದು ಪಾಲು ಉಳಿಯುವುದು. ಮಿಕ್ಕ ಅಜೋಲಾವು ಹೈನಿನ ದನಗಳಿಗೆ ಮೇವೂ ಆಗುವುದು.

೫. ಮುಖಂಡರ ಕರ್ತವ್ಯ

ಹೊಸ ಪದ್ಧತಿಯನ್ನು ಊರಿನವರು ಕೇಳಿ ನಂಬುವುದಕ್ಕಿಂತ ನೋಡಿ ನಂಬುವುದೇ ಹೆಚ್ಚು. ಆದುದರಿಂದ ಪ್ರತಿ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಮ್ಮ ಹೊಲದಲ್ಲಿ ಒಂದು ಪಟ್ಟಿಗೆ ಉಪಚರಿಸಿದ ಬೀಜವನ್ನೂ ಪಕ್ಕದ ಪಟ್ಟಿಗೆ ಉಪಚರಿಸದ ಬೀಜವನ್ನೂ ಬಿತ್ತಿ, ಎರಡರ ಫಸಲನ್ನೂ ಬೇರೆಬೇರೆಯಾಗಿ ತೂಗಿ ನೆರೆಹೊರೆಯವರಿಗೆ ತೋರಿಸತಕ್ಕದ್ದು. ಸಲಹೆ ಬೇಕಾದವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದಲ್ಲಿಯೂ ವಿಚಾರಿಸಬಹುದು. ಕಣ್ಣಿಗೆ ಕಾಣದ ಈ ಆಳುಗಳು ಕೂಲಿ ಕೇಳುವವರಲ್ಲ. ತಂಗಲು ತಕ್ಕ ನೆಲವನ್ನಷ್ಟೇ ಕೇಳುವುವು. ಆ ನೆಲವನ್ನು ಕೆಡದಂತೆ ಇಟ್ಟುಕೊಳ್ಳುವುದು ಒಡೆಯನಿಗೆ ಸೇರಿದುದು.